ಡಿಪೋ ಗೋಡೆಯ ಕೆಂಪು ಗೆರೆ

ಆ ದಿನದ ಎಲ್ಲ ಫಜೀತಿಗೂ ಮೂಲ, ಬಸ್ ಡಿಪೋದ ಹಿಂಗೋಡೆಯ ಮೇಲಿದ್ದ ಬೆರಳಗಲದ ಒಂದು ಕೆಂಪು ಗೆರೆ.

ಸುಣ್ಣ ಬಳಿದ ಗೋಡೆ. ನೆಲದಿಂದ ಸರಿಯಾಗಿ ಏಳಡಿ ಎತ್ತರದಲ್ಲಿ ಒಂದು ಮಾರುದ್ದಕ್ಕೆ ಎಳೆದ ಗೆರೆ. ಕೈಗೋ ಭುಜಕ್ಕೋ ಪೆಟ್ಟು ಮಾಡಿಕೊಂಡು ರಜೆ ಹೋದ ಚಾಲಕ ಮತ್ತೆ ಸ್ಟೀರಿಂಗ್ ಹಿಡಿಯಬೇಕಾದರೆ ಡಾಕ್ಟರ ಎದುರು ಆ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಹಿಮ್ಮಡಿ ಎತ್ತದೆ, ಪೆಟ್ಟಾದ ಕೈಯ ಬೆರಳ ತುದಿಯಿಂದ ಗೆರೆ ಮುಟ್ಟಿ, ಹತ್ತು ಎಣಿಸುವವರೆಗೆ ಹಾಗೇ ಹಿಡಿದಿರಬೇಕು. ಏಳಡಿಯೇ ಯಾಕೆ ಎಂದು ಕೇಳಿದರೆ ಡಿಪೋದಲ್ಲಿ ಯಾರಿಗೂ ಗೊತ್ತಿಲ್ಲ. ಯಾವುದೋ ಕಾಲದ ಮ್ಯಾನೇಜರೊಬ್ಬರು ತಮ್ಮ ಕೈಯನ್ನೇ ಎತ್ತಿ ಅಳತೆ ಕೊಟ್ಟಿದ್ದರಂತೆ. ಕುಳ್ಳಗಿರುವವರ ಅನುಕೂಲಕ್ಕೆಂದು ಗೋಡೆಯ ಬುಡದಲ್ಲಿ ಒಂದು ಇಟ್ಟಿಗೆ ಇಟ್ಟಿದ್ದರು. ತೀರ ಕುಳ್ಳಗಿರುವವರಿಗೆ ಎರಡು.

ನಮ್ಮ ಚಾಲಕನಿಗೆ ಇಟ್ಟಿಗೆ ಬೇಕಿರಲಿಲ್ಲ. ಬೇಕಿದ್ದದ್ದು ಬಲಭುಜ.

ಹನ್ನೊಂದು ವರ್ಷ ಒಂದೇ ಸಮನೆ ಇಪ್ಪತ್ತೊಂದನೇ ನಂಬರಿನ ಬಸ್ಸು ಓಡಿಸಿದ್ದರಿಂದ ಊರಿನವರು ಅವನ ಹೆಸರು ಮರೆತು ಇಪ್ಪತ್ತೊಂದಣ್ಣ ಎಂದೇ ಕರೆಯುತ್ತಿದ್ದರು. ಅವನ ಹೆಂಡತಿ ತರಕಾರಿ ಅಂಗಡಿಯಲ್ಲಿ ಇಪ್ಪತ್ತೊಂದಕ್ಕ. ಮಾರ್ಕೆಟ್ಟಿನ ಇಕ್ಕಟ್ಟಾದ ತಿರುವಿನಲ್ಲಿ ಅವನು ಬಸ್ಸನ್ನು ಹೊರಳಿಸುವ ಚಂದ ನೋಡಲಿಕ್ಕೆಂದೇ ಮುದುಕರು ಕಿಟಕಿ ಪಕ್ಕದ ಸೀಟು ಹಿಡಿಯುತ್ತಿದ್ದರು. ಅಂಥವನು ಇಪ್ಪತ್ತು ವಾರದ ಹಿಂದೆ, ಎದ್ದು ಹೋಗಿ ತರಲು ಸೋಮಾರಿತನವಾಗಿ, ಸೀಟಿನಲ್ಲಿ ಕೂತಲ್ಲಿಂದಲೇ ಹಿಂದಕ್ಕೆ ಕೈ ಚಾಚಿ ನೀರಿನ ಕ್ಯಾನು ಎಳೆದ. ಕ್ಯಾನು ಬರಲಿಲ್ಲ. ಭುಜದೊಳಗೆ ಏನೋ ಬಂತು.

ಒಳಗಿನ ಸ್ನಾಯು ಮೂಳೆಯಿಂದ ಕಿತ್ತುಬಂದಿದೆ ಎಂದರು ಸರ್ಜನ್. ಮತ್ತೆ ಮೂಳೆಗೇ ಸೇರಿಸಿ ಹೊಲಿದರು. ಪ್ರಜ್ಞೆ ಬಂದದ್ದೇ ತಡ, ಇಪ್ಪತ್ತೊಂದಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಹೊತ್ತಿಗೆ ತಲುಪುತ್ತೆ ಸಾರ್?"

"ಹೊಲಿಗೆ ನಂದು, ಬೆಸುಗೆ ನಿಮ್ಮ ದೇಹದ್ದು" ಎಂದಿದ್ದರು ಸರ್ಜನ್. "ಎಷ್ಟು ಹರಿದಿತ್ತು, ನಿಮಗೆಷ್ಟು ವಯಸ್ಸು, ಸಿಗರೇಟು ಬಿಡ್ತೀರೋ ಇಲ್ವೋ, ಸಕ್ಕರೆ ಕಾಯಿಲೆ ಇದೆಯೋ, ವ್ಯಾಯಾಮ ಮಾಡ್ತೀರೋ, ಎಲ್ಲಕ್ಕಿಂತ ಹೆಚ್ಚಾಗಿ ಅವಸರ ಮಾಡ್ತೀರೋ, ಇದನ್ನೆಲ್ಲ ನೋಡ್ಕೊಂಡು ಅದು ತನ್ನದೇ ಟೈಮಿಗೆ ಬರುತ್ತೆ. ನೀವು ಹಾರ್ನ್ ಹೊಡೆದ್ರೆ ಬೇಗ ಬರಲ್ಲ."

ಇಪ್ಪತ್ತೊಂದಣ್ಣ ಹಾರ್ನ್ ಹೊಡೆದ. ಹತ್ತನೇ ವಾರಕ್ಕೇ ಗೋಡೆಯ ಮುಂದೆ ಹೋಗಿ ನಿಂತ. ಕೈ ಮೂಗಿನ ಮಟ್ಟಕ್ಕೆ ಬಂದು ನಿಂತಿತು. ಹದಿನಾಲ್ಕನೇ ವಾರ ಹೋದ, ಹುಬ್ಬಿನವರೆಗೆ ಬಂತು. ಡಾಕ್ಟರು ಎರಡು ಸಲವೂ ವಾಪಸು ಕಳಿಸಿದರು. ಈಗ ಮ್ಯಾನೇಜರರ ಪತ್ರ ಬಂದಿತ್ತು: ಆ ದಿನ ಮಧ್ಯಾಹ್ನ ಮೂರಕ್ಕೆ ಕೊನೆಯ ಪರೀಕ್ಷೆ. ಈ ಸಲವೂ ಗೆರೆ ಮುಟ್ಟದಿದ್ದರೆ, ಹಗುರ ಕೆಲಸವೆಂದು ತಾತ್ಕಾಲಿಕವಾಗಿ ಕೂರಿಸಿದ್ದ ಮರೆತ ಸಾಮಾನುಗಳ ಕೋಣೆಯಲ್ಲೇ ಅವನು ಕಾಯಂ. ಇಪ್ಪತ್ತೊಂದನೇ ನಂಬರು ಬದಲಿ ಚಾಲಕನಿಗೆ ಕಾಯಂ.

ಪ್ರಯಾಣಿಕರು ಬಸ್ಸಿನಲ್ಲಿ ಬಿಟ್ಟುಹೋದ ನಲವತ್ತು ಕೊಡೆ, ಒಂಟಿ ಚಪ್ಪಲಿಗಳು, ಒಂದು ಹಲ್ಲುಸೆಟ್ಟು, ಯಾರದೋ ಮದುವೆಯ ಫೋಟೋ ಆಲ್ಬಮ್. ಇವುಗಳ ಮಧ್ಯೆ ನಿವೃತ್ತಿಯವರೆಗೆ ಕೂರುವುದೆಂದರೆ ತಾನೂ ಯಾರೋ ಮರೆತು ಬಿಟ್ಟುಹೋದ ಸಾಮಾನೇ ಎಂದು ಅವನಿಗೆ ಅನ್ನಿಸಿತ್ತು.

ಆದರೆ ಈ ಸಲ ಅವನಿಗೆ ಹೆದರಿಕೆ ಇರಲಿಲ್ಲ. ಇಪ್ಪತ್ತು ವಾರ ಅವನ ಹೆಂಡತಿ ಬಚ್ಚಲುಮನೆಯ ಬಾಗಿಲಿಗೆ ಹಗ್ಗ ಕಟ್ಟಿ, ಸ್ಟೂಲಿನ ಮೇಲೆ ಕೂತು, ಕೈ ಏರಿಳಿಸುವುದನ್ನು ಎಣಿಸಿದ್ದಳು. "ರೀ, ಹದಿಮೂರು ಆಯ್ತು, ಹದಿನೈದು ಅಂತ ಸುಳ್ಳು ಹೇಳ್ಬೇಡಿ" ಎನ್ನುವ ಆ ದನಿಗೆ ಭುಜದೊಳಗಿನ ಹೊಲಿಗೆಯೂ ಹೆದರಿ ಬೇಗ ಬೇಗ ಕೂಡಿಕೊಂಡಿರಬೇಕು. ಅಡುಗೆಮನೆಯ ಬಾಗಿಲವಾಡದ ಮೇಲೆ, ಬೆಳೆಯುವ ಮಗುವಿಗೆ ಹಾಕುವ ಹಾಗೆ, ವಾರವಾರದ ಪೆನ್ಸಿಲ್ ಗುರುತುಗಳು ಏರಿದ್ದವು. ನಿನ್ನೆ ಸಂಜೆ ಅವನ ಬೆರಳು ಏಳಡಿ ಮುಟ್ಟಿತ್ತು.

"ಮೂರು ಗಂಟೆವರೆಗೆ ಕೈ ಎತ್ತೋಕೆ ಹೋಗ್ಬೇಡಿ" ಎಂದು ಹೆಂಡತಿ ಬೆಳಿಗ್ಗೆ ಬಾಗಿಲಲ್ಲಿ ಎಚ್ಚರಿಸಿದಳು. "ಗೋಡೆ ಹತ್ರಾನೂ ಸುಳಿಯೋದು ಬೇಡ. ಡಿಪೋದಲ್ಲಿ ಎಲ್ರೂ ಸಲಹೆ ಕೊಡ್ತಾರೆ. ಹೂಂ ಅನ್ನಿ. ಮಾಡ್ಬೇಡಿ."

"ನಾನೇನು ಚಿಕ್ಕ ಮಗುವೇನೇ?"

"ಚಿಕ್ಕ ಮಗು ಆಗಿದ್ರೆ ಆರು ವಾರಕ್ಕೇ ವಾಸಿಯಾಗಿರೋದು" ಎಂದು ಆಕೆ ಬಾಗಿಲು ಹಾಕಿಕೊಂಡಳು.

ಒಂಬತ್ತು ಗಂಟೆಗೆ ಕೊಡೆಗಳ ನಡುವೆ ಕೂತದ್ದೇ ತಡ, ಮೊದಲ ಸಲಹೆ ಒಳಗೆ ಬಂತು. ಹನ್ನೊಂದು ವರ್ಷ ಅವನ ಬಸ್ಸಿನಲ್ಲೇ ಸೀಟಿ ಊದಿದ ಕಂಡಕ್ಟರ್, ಪಾಳಿ ಸಂಜೆಗೆ ಇದ್ದರೂ ಬೆಳಿಗ್ಗೆಯೇ ಬಂದಿದ್ದ.

"ನಿಜ ಹೇಳು. ಆಗುತ್ತಾ?"

"ಆಗುತ್ತೆ ಅಂದ್ನಲ್ಲ."

"ನಮ್ಮ ಭಾವನಿಗೂ ಇದೇ ಆಪರೇಷನ್ ಕಣೋ. ಅವನಿಗೆ ಮೂವತ್ತು ವರ್ಷ. ಸರಿಹೋಗೋಕೆ ಇಪ್ಪತ್ನಾಲ್ಕು ವಾರ ಹಿಡೀತು. ನಿನಗೆ ಐವತ್ತೆರಡು." ಕಂಡಕ್ಟರ್ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಒಂದು ಹಳೇ ಟಿಕೆಟ್ಟಿನ ಬೆನ್ನ ಮೇಲೆ ಲೆಕ್ಕ ಹಾಕಿದ. "ನಲವತ್ತೊಂದೂವರೆ ವಾರ ಬೇಕು ನಿನಗೆ. ಇನ್ನೂ ಇಪ್ಪತ್ತೊಂದೂವರೆ ಬಾಕಿ ಇದೆ."

"ಭುಜಕ್ಕೆಲ್ಲ ಹಾಗೆ ಲೆಕ್ಕ ಹಾಕೋಕಾಗಲ್ಲ ಕಣೋ."

"ನನ್ನ ಲೆಕ್ಕ ಯಾವತ್ತಾದ್ರೂ ತಪ್ಪಿದೆಯಾ?" ಎಂದ ಕಂಡಕ್ಟರ್, ಗೆಳೆಯನ ಮುಖ ನೋಡಿ ಕರಗಿದ. "ಇರಲಿ, ನೀನೇನೂ ಯೋಚನೆ ಮಾಡ್ಬೇಡ. ಆ ಬದಲಿಯವನು ಬ್ರೇಕ್ ಹಾಕಿದಾಗೆಲ್ಲ ನಾನು ಹಿಂದಿನ ಸೀಟಿಂದ ಮುಂದಿನ ಸೀಟಿಗೆ ಹೋಗಿ ಬೀಳ್ತಿದ್ದೀನಿ. ನಿನ್ನನ್ನ ಹೇಗಾದ್ರೂ ಮಾಡಿ ವಾಪಸು ಕರ್ಕೊಂಡು ಹೋಗೋನೇ. ತಗೋ, ಮೊದಲು ಇದನ್ನ ಇಟ್ಕೋ." ಟವೆಲ್ಲಿನಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಗೆಳೆಯನ ಭುಜದ ಮೇಲೆ ಕಟ್ಟಿ, ಅದು ಜಾರದಂತೆ ಅವನದೇ ಬೆಲ್ಟಿನಿಂದ ಬಿಗಿದು ಹೊರಟುಹೋದ.

ಹೂಂ ಅನ್ನಬೇಕು, ಮಾಡಬಾರದು ಎಂಬುದು ನೆನಪಾಗುವ ಹೊತ್ತಿಗೆ ನೀರು ಸೊಂಟದವರೆಗೆ ಇಳಿದಿತ್ತು. ಒಂದು ಕೈಯಲ್ಲಿ ಬೆಲ್ಟು ಬಿಚ್ಚಲು ಆಗಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಕಂಡಕ್ಟರ್ ಬಾಗಿಲಲ್ಲಿ ಇಣುಕಿ "ಎಲ್ಲಾ ಸರಿಹೋಯ್ತು" ಎಂದು ಕಣ್ಣು ಹೊಡೆದು ಮಾಯವಾದ. ಅವನ ಹೆಬ್ಬೆರಳಿಗೆ ಕೆಂಪು ಬಣ್ಣ ಹತ್ತಿತ್ತು. ಟಿಕೆಟ್ಟಿನ ಶಾಯಿ ಇರಬೇಕು ಎಂದುಕೊಂಡ ಇಪ್ಪತ್ತೊಂದಣ್ಣ.

ಹನ್ನೊಂದಕ್ಕೆ ಕ್ಯಾಂಟೀನ್ ಅಕ್ಕ ಚಹಾ ತಂದಳು. ಡಿಪೋ ಕಟ್ಟಿದಂದಿನಿಂದ ಅಲ್ಲಿದ್ದವಳು. ಮ್ಯಾನೇಜರನ್ನೂ "ಏನೋ" ಎನ್ನುವ ಹಕ್ಕು ಆಕೆಯೊಬ್ಬಳಿಗೇ. ಮಂಜುಗಡ್ಡೆ ನೋಡಿ ಅವಳ ಕಣ್ಣು ಹಣೆಗೆ ಹೋಯಿತು.

"ಯಾವ ಬುದ್ಧಿವಂತ ಕಟ್ಟಿದ್ದೋ ಇದನ್ನ? ಹೊಲಿಗೆ ಹಾಕಿದ ಜಾಗಕ್ಕೆ ಬಿಸಿ ಬೇಕು ತಮ್ಮಾ, ಬಿಸಿ!" ಬೆಲ್ಟು ಬಿಚ್ಚಿ, ಕುದಿನೀರು ತುಂಬಿದ ರಬ್ಬರ್ ಚೀಲವನ್ನು ಅದೇ ಬೆಲ್ಟಿನಿಂದ ಬಿಗಿದಳು. "ಸಿಗರೇಟು ಬಿಟ್ಟು ಎಷ್ಟು ದಿನ ಆಯ್ತು?"

"ಇಪ್ಪತ್ತು ವಾರ ಅಕ್ಕಾ. ಅಯ್ಯೋ, ಸುಡ್ತಿದೆ."

"ಸುಡಲಿ. ಅದಕ್ಕೂ ಮುಂಚೆ ಇಪ್ಪತ್ತೈದು ವರ್ಷ ಸೇದಿದ್ದೀಯ. ನನ್ನ ಒಲೆಯಲ್ಲೇ ಹಚ್ಕೊಂಡಿದ್ದು, ನಂಗೊತ್ತಿಲ್ವಾ? ಆ ಹೊಗೆಯೆಲ್ಲ ಎಲ್ಲಿಗೆ ಹೋಗುತ್ತೆ? ಹರಿದ ಜಾಗದಲ್ಲಿ ಹೋಗಿ ಕೂತಿರುತ್ತೆ. ಮತ್ತೆ ಸಕ್ಕರೆ?"

"ಸಕ್ಕರೆ ಕಾಯಿಲೆ ನನಗಿಲ್ಲ ಅಕ್ಕಾ. ಪರೀಕ್ಷೆ ಮಾಡ್ಸಿದ್ದೀನಿ."

"ದಿನಾ ಚಹಾಕ್ಕೆ ಮೂರು ಚಮಚ ಹಾಕಿ ಕೊಟ್ಟೋಳು ನಾನು. ಪರೀಕ್ಷೆಗೆ ಏನು ಗೊತ್ತು!" ಆಕೆ ನಿಟ್ಟುಸಿರುಬಿಟ್ಟಳು. ಈ ಭುಜ ಏಳುವುದಿಲ್ಲ ಎಂದು ಅವಳ ಮನಸ್ಸು ತೀರ್ಮಾನ ಮಾಡಿದ್ದು ಮುಖದಲ್ಲೇ ಕಂಡಿತು. "ನೀನೇನೂ ಯೋಚನೆ ಮಾಡ್ಬೇಡ. ಅಕ್ಕ ಇದ್ದೀನಿ" ಎಂದು ಲೋಟ ಎತ್ತಿಕೊಂಡು, ಕ್ಯಾಂಟೀನಿನ ಕಡೆಗಲ್ಲದೆ, ಬಸ್ಸುಗಳಿಗೆ ಬಣ್ಣ ಹಚ್ಚುವ ಷೆಡ್ಡಿನ ಕಡೆಗೆ ನಡೆದಳು.

ಯೋಚನೆ ಮಾಡಬೇಡ ಎಂದು ಇಬ್ಬರು ಹೇಳಿದ ಮೇಲೆ ಇಪ್ಪತ್ತೊಂದಣ್ಣನಿಗೆ ಯೋಚನೆ ಶುರುವಾಯಿತು.

ಮೂರನೆಯವನು ಹಿರಿಯ ಮೆಕ್ಯಾನಿಕ್. ಅವನು ಮನುಷ್ಯರನ್ನು ಮಾತಾಡಿಸುವುದೇ ಕಡಿಮೆ; ಎಂಜಿನ್ನಿನೊಂದಿಗೆ ಮಾತ್ರ ಸಲಿಗೆ. ಬಂದವನೇ ರಬ್ಬರ್ ಚೀಲ ತೆಗೆದಿಟ್ಟ. ಕೆಂಪಗೆ ಬೆಂದಿದ್ದ ಭುಜಕ್ಕೆ ಕಿವಿ ಹಚ್ಚಿ, "ಅಲ್ಲಾಡಿಸು" ಎಂದ.

ಇಪ್ಪತ್ತೊಂದಣ್ಣ ಅಲ್ಲಾಡಿಸಿದ.

"ಟಕ್ ಅಂತು."

"ನನಗೆ ಕೇಳಿಸ್ಲಿಲ್ಲವಲ್ಲ."

"ಡ್ರೈವರ್‌ಗಳಿಗೆ ಯಾವತ್ತು ಕೇಳಿಸಿದೆ? ಎಷ್ಟು ಹರಿದಿತ್ತಯ್ಯಾ ಒಳಗೆ?"

"ಎರಡು ಸೆಂಟಿಮೀಟರ್ ಅಂದ್ರು."

ಮೆಕ್ಯಾನಿಕ್ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡ. ಹಳೇ ಬಸ್ಸಿನ ಗೇರ್‌ಬಾಕ್ಸ್ ಬಿಚ್ಚಿದಾಗ ಮಾತ್ರ ಅವನು ಮಾಡುವ ಶಬ್ದ ಅದು. "ಅರ್ಧ ಆಗಿದ್ರೆ ಒಂದು ಮಾತು. ಎರಡು ಅಂದ್ರೆ ಕಷ್ಟ. ಓವರ್‌ಹಾಲ್ ಆದ ಎಂಜಿನ್ನನ್ನ ಮೊದಲ ದಿನವೇ ದಿಬ್ಬ ಹತ್ತಿಸಿದ್ದೀಯ, ಹತ್ತನೇ ವಾರಕ್ಕೇ ಹೋಗಿ ಜಗ್ಗಾಡಿ ಬಂದಿಲ್ವಾ? ಅಲ್ಲೇ ಕೆಟ್ಟಿದೆ." ಟೈರ್ ಟ್ಯೂಬಿನಿಂದ ಕತ್ತರಿಸಿದ ಒಂದು ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಅವನ ಕೈಗೆ ಕೊಟ್ಟ. "ಎಳೀತಾ ಇರು. ಸಡಿಲ ಆಗ್ಲಿ. ಮಿಕ್ಕಿದ್ದು ನನಗೆ ಬಿಡು."

"ಮಿಕ್ಕಿದ್ದು ಅಂದ್ರೆ ಏನು?"

ಮೆಕ್ಯಾನಿಕ್ ಆಗಲೇ ಬಾಗಿಲು ದಾಟಿದ್ದ. ಅವನ ಜೇಬಿನಿಂದ ಎರಡಿಂಚಿನ ಬ್ರಷ್ಷಿನ ಹಿಡಿ ಇಣುಕುತ್ತಿತ್ತು.

ಎರಡು ಗಂಟೆಗೆ ಬದಲಿ ಚಾಲಕ ಬಂದು ಬಾಗಿಲಲ್ಲಿ ನಿಂತ. ಸಣಕಲು ಯುವಕ, ಶರ್ಟಿನ ಜೇಬಿನಲ್ಲಿ ಸದಾ ಸಿಗರೇಟಿನ ಪ್ಯಾಕು, ಮುಖದಲ್ಲಿ ಸದಾ ಯಾರೋ ಬೈದ ಕಳೆ. ಅವನನ್ನು ಕಂಡರೆ ಇಪ್ಪತ್ತೊಂದಣ್ಣನಿಗೆ ತನ್ನ ಮನೆಯ ಮಂಚದ ಮೇಲೆ ಪಕ್ಕದ ಮನೆಯವನು ಮಲಗಿದ್ದನ್ನು ಕಂಡ ಹಾಗೆ.

"ಅಣ್ಣಾ, ಖಂಡಿತ ಪಾಸಾಗ್ತೀರಾ?"

"ಯಾಕಪ್ಪಾ, ಆಗ್ಬಾರ್ದಾ?"

"ಹಾಗಲ್ಲ ಅಣ್ಣಾ. ಎಲ್ರೂ ಕಷ್ಟ ಅಂತಿದ್ದಾರೆ. ಮನಸ್ಸಲ್ಲಿ ಚಿಂತೆ ಇದ್ರೆ ಗಾಯ ಬೇಗ ಮಾಯಲ್ಲ ಅಂತ ಎಲ್ಲೋ ಓದಿದ್ದೆ."

"ನನಗೆ ಚಿಂತೆ ಇಲ್ಲ. ನೀನೂ ಆಸೆ ಇಟ್ಕೋಬೇಡ."

ಬದಲಿ ಚಾಲಕ ಬಗ್ಗಿ, ಬಾಗಿಲ ಹೊರಗಿಟ್ಟಿದ್ದ ಏನನ್ನೋ ಎತ್ತಿಕೊಂಡು ನಡೆದುಹೋದ. ಹೋದದ್ದು ಹಿಂಗೋಡೆಯ ಕಡೆಗೆ! ಕೈಯಲ್ಲಿ ಒಂದು ಡಬ್ಬ! ಈ ಕಳ್ಳ ಗೆರೆಯನ್ನು ಮೇಲಕ್ಕೇರಿಸಲು ಹೊರಟಿದ್ದಾನೆ. ಒಂದು ಗೇಣು ಏರಿಸಿದರೂ ಸಾಕು, ಈ ಜನ್ಮವಿಡೀ ಕೊಡೆ ಕಾಯುವುದೇ ಗತಿ. ಇಪ್ಪತ್ತೊಂದಣ್ಣ ಟ್ಯೂಬಿನ ಪಟ್ಟಿ ಎಸೆದು ಎದ್ದ.

ಅಷ್ಟರಲ್ಲಿ ಬಾಗಿಲಿಗೆ ಅಡ್ಡಲಾಗಿ ಒಬ್ಬ ಹೆಂಗಸು ಬಂದಳು. "ಹೋದ ತಿಂಗಳು ಬಸ್ಸಲ್ಲಿ ಕೊಡೆ ಬಿಟ್ಟಿದ್ದೆ."

"ಯಾವ ಬಣ್ಣ ತಾಯಿ?"

"ಕಪ್ಪು."

ನಲವತ್ತರಲ್ಲಿ ಮೂವತ್ತೆಂಟು ಕಪ್ಪು. ಆಕೆ ಒಂದೊಂದನ್ನೇ ಬಿಚ್ಚಿ, ತಿರುಗಿಸಿ, ಕಡ್ಡಿ ಎಣಿಸಿ, ಮಡಚಿ ಇಟ್ಟಳು. ಕೋಣೆ ಬಾವಲಿಗಳ ಗವಿಯಂತಾಯಿತು. ಮೂವತ್ತೊಂದನೆಯದು ಬಿಚ್ಚುವಾಗ, "ಅಯ್ಯೋ, ನಂದು ಮನೆಯಲ್ಲೇ ಬಾಗಿಲ ಹಿಂದೆ ಇರ್ಬೇಕು" ಎಂದು ನೆನಪಿಸಿಕೊಂಡು ಹೊರಟುಹೋದಳು. ಗಡಿಯಾರ ನೋಡಿದರೆ ಮೂರಕ್ಕೆ ಎರಡೇ ನಿಮಿಷ.

ಹೊರಗೆ ಮೆರವಣಿಗೆಯೇ ಸೇರಿತ್ತು. ಮುಂದೆ ಫೈಲು ಹಿಡಿದ ಮ್ಯಾನೇಜರು. ಅವರ ಪಕ್ಕದಲ್ಲಿ ಆ ವಾರವಷ್ಟೇ ಬಂದ ಹೊಸ ಲೇಡಿ ಡಾಕ್ಟರು. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ. ಕೈಯಲ್ಲಿ ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ. ಹಿಂದೆ ಕಂಡಕ್ಟರ್, ಕ್ಯಾಂಟೀನ್ ಅಕ್ಕ, ಮೆಕ್ಯಾನಿಕ್, ಬದಲಿ ಚಾಲಕ, ಜೊತೆಗೆ ಪಾಳಿ ಮುಗಿಸಿದ ಹತ್ತಿಪ್ಪತ್ತು ಚಾಲಕರು. ಮಧ್ಯದಲ್ಲಿ ಇಪ್ಪತ್ತೊಂದಣ್ಣ. ತಣ್ಣಗಾಗಿ, ಬೆಂದು, ಜಗ್ಗಿಸಿಕೊಂಡು ಅವನ ಭುಜ ಈಗ ತನ್ನದೋ ಬೇರೆಯವರದೋ ಎಂದು ಗೊತ್ತಾಗದ ಸ್ಥಿತಿಯಲ್ಲಿತ್ತು.

ಮೂಲೆ ತಿರುಗಿ ಗೋಡೆ ಕಂಡಿತು. ಎಲ್ಲರೂ ನಿಂತರು.

ಕೆಂಪು ಗೆರೆ ಇತ್ತು. ಆದರೆ ಇದ್ದದ್ದು ಇಪ್ಪತ್ತೊಂದಣ್ಣನ ಸೊಂಟದ ಮಟ್ಟಕ್ಕೆ. ಅದರ ಮೇಲೆಲ್ಲ ಹೊಸ ಸುಣ್ಣ ತೇಪೆ ತೇಪೆಯಾಗಿ ಹೊಳೆಯುತ್ತಿತ್ತು.

ದಿನಾ ಕಣ್ಣಿಗೆ ಬೀಳುವ ಗೋಡೆಯನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲ. ಪ್ರತಿಯೊಬ್ಬರೂ ತಾವು ಕಂಡ ಗೆರೆಯೇ ಮೂಲ ಗೆರೆ ಎಂದುಕೊಂಡು, ಕೈ ಎಟುಕದವರು ಸ್ಟೂಲು ಹತ್ತಿ, ಅದನ್ನು ಸುಣ್ಣದಿಂದ ಮುಚ್ಚಿ, ಕೆಳಗೊಂದು ಹೊಸದು ಎಳೆದಿದ್ದರು. ಹಿಂದಿನಿಂದ ಪಿಸುಮಾತು ಕೇಳಿಸಿತು.

"ನಾನು ಒಂದೇ ಒಂದು ಗೇಣು ಇಳಿಸಿದ್ದು" ಎಂದ ಕಂಡಕ್ಟರ್.

"ಅಯ್ಯೋ, ನಾನೂ ಒಂದು ಗೇಣು" ಎಂದಳು ಅಕ್ಕ.

"ನಂದು ಎರಡು" ಎಂದ ಮೆಕ್ಯಾನಿಕ್. "ಎರಡು ಸೆಂಟಿಮೀಟರ್ ಹರಿದಿತ್ತಲ್ಲ."

"ನಾನೂ ಒಂದು" ಎಂದು ಬದಲಿ ಚಾಲಕ ಅಳುಮುಖ ಮಾಡಿದ. ಇಪ್ಪತ್ತೊಂದಣ್ಣ ಗರಕ್ಕನೆ ತಿರುಗಿದ. "ನೀನು ಇಳಿಸಿದ್ಯಾ? ಏರಿಸ್ಲಿಲ್ವಾ?"

"ಏರಿಸೋದಾ! ನಿಮ್ಮ ರೂಟು ನೀವೇ ಇಟ್ಕೊಳ್ಳಿ ಅಣ್ಣಾ, ಕೈ ಮುಗೀತೀನಿ. ಆ ಮಾರ್ಕೆಟ್ ತಿರುವಲ್ಲಿ ಮುದುಕರೆಲ್ಲ ಸೇರಿ ನನಗೆ ಪಾಠ ಹೇಳ್ತಾರೆ. ಇಪ್ಪತ್ತೊಂದಣ್ಣ ಹೀಗೆ ತಿರುಗಿಸ್ತಿದ್ದ, ಹಾಗೆ ತಿರುಗಿಸ್ತಿದ್ದ ಅಂತ. ನನಗೆ ಕನಸಲ್ಲೂ ಅದೇ ತಿರುವು."

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಗೆರೆಯನ್ನು ನೋಡಿದರು. "ಇದನ್ನ ಮುಟ್ಟೋಕೆ ಕೈ ಎತ್ತೋದೇ ಬೇಕಾಗಿಲ್ಲವಲ್ಲ?"

ಮ್ಯಾನೇಜರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ತಮ್ಮ ಮೂಗಿನ ಕೆಳಗೇ ಗೆರೆ ಇಳಿಯಿತು ಎಂದು ಒಪ್ಪಿಕೊಂಡರೆ ವಿಚಾರಣೆ, ಕಾಗದ, ಮೇಲಿನವರ ಫೋನು. ಅವರು ಎದೆ ಸೆಟೆಸಿದರು. "ಮೊದಲಿಂದಲೂ ಇಲ್ಲೇ ಇದೆ ಡಾಕ್ಟ್ರೇ. ನಾನು ಬಂದಾಗ್ಲೂ ಇಲ್ಲೇ ಇತ್ತು."

"ಅಂದ್ರೆ ಇವರು ಎರಡು ಸಲ ಫೇಲಾಗಿದ್ದು ಇದನ್ನ ಮುಟ್ಟೋಕಾಗದೇನಾ?" ಡಾಕ್ಟರು ಇಪ್ಪತ್ತೊಂದಣ್ಣನ ಕಡೆ ತಿರುಗಿದರು. ಆ ಕಣ್ಣುಗಳಲ್ಲಿದ್ದ ಕರುಣೆಯನ್ನು ಅವನು ಸಹಿಸಲಾರದಾದ. "ಪಾಪ, ನಿಮ್ಮನ್ನ ಇಲ್ಲೀತನಕ ನಡೆಸಿಕೊಂಡು ಬಂದಿದ್ದೇ ತಪ್ಪು. ಕೂತ್ಕೊಳ್ಳಿ."

ಇಪ್ಪತ್ತು ವಾರ, ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹದಿನೈದು ಸಲ, ಒಂದೂ ಸುಳ್ಳು ಎಣಿಕೆಯಿಲ್ಲದೆ ಏರಿಳಿಸಿದ ಕೈ! ಇಪ್ಪತ್ತೊಂದಣ್ಣನಿಗೆ ಮೈ ಉರಿಯಿತು.

"ಇದಲ್ಲ ಮೇಡಂ ಗೆರೆ! ಗೆರೆ ಇದ್ದಿದ್ದು ಅಲ್ಲಿ!"

ಎಂದವನೇ ಗೋಡೆಗೆ ಮುಖ ಮಾಡಿ ನಿಂತು ಬಲಗೈ ಎತ್ತಿದ. ಕೈ ಮೂಗು ದಾಟಿತು. ಹುಬ್ಬು ದಾಟಿತು. ತಲೆ ದಾಟಿತು. ಮೊಣಕೈ ನೆಟ್ಟಗಾಯಿತು. ಹೊಸ ಸುಣ್ಣದಡಿಯಲ್ಲಿ ಮಸುಕಾಗಿ ಕಾಣುತ್ತಿದ್ದ ಹಳೇ ಕೆಂಪಿನ ಮೇಲೆ ಅವನ ಮೂರು ಬೆರಳು ಹೋಗಿ ಕೂತವು. ಹಿಮ್ಮಡಿ ನೆಲ ಬಿಡಲಿಲ್ಲ. ಡಾಕ್ಟರು ಪಟ್ಟಿ ಹಿಡಿದು ಕೋನ ಅಳೆದರು, ಇನ್ನೊಮ್ಮೆ ಅಳೆದರು, ಗಟ್ಟಿಯಾಗಿ ಹತ್ತು ಎಣಿಸಿದರು. ಹತ್ತಾದ ಮೇಲೂ ಕೈ ಇಳಿಯದಿದ್ದಾಗ ಅವರೇ "ಸಾಕು ಸಾಕು" ಎನ್ನಬೇಕಾಯಿತು.

"ಇಪ್ಪತ್ತನೇ ವಾರಕ್ಕೆ, ಈ ವಯಸ್ಸಿಗೆ, ಇಷ್ಟು ಚೆನ್ನಾಗಿ! ಇದು ಹೇಗೆ ಸಾಧ್ಯವಾಯ್ತು?"

"ಹೆಂಡತಿ ಮೇಡಂ" ಎಂದ ಇಪ್ಪತ್ತೊಂದಣ್ಣ.

ಡಾಕ್ಟರು ಫೈಲಿನಲ್ಲಿ 'ಪೂರ್ಣ ಗುಣ' ಎಂದು ಬರೆದು ಸಹಿ ಹಾಕಿದರು. ಚಾಲಕರೆಲ್ಲ ಹೋ ಎಂದರು. ಕಂಡಕ್ಟರ್ ಸೀಟಿ ಊದಿದ. ಇಪ್ಪತ್ತೊಂದಣ್ಣನ ಕಣ್ಣ ಮುಂದೆ ಮಾರ್ಕೆಟ್ ತಿರುವು, ಕಿಟಕಿ ಪಕ್ಕದ ಮುದುಕರು, ಕೈಯೊಳಗೆ ಮೆಲ್ಲಗೆ ಜಾರುವ ಸ್ಟೀರಿಂಗು, ಎಲ್ಲ ಸುಳಿದುಹೋದವು. ಕೊಡೆ ಕೋಣೆಯ ಬೀಗದ ಕೈಯನ್ನು ಜೇಬಿನಿಂದ ತೆಗೆದು ಮ್ಯಾನೇಜರರ ಕೈಗೆ ಕೊಟ್ಟೇಬಿಟ್ಟ.

ಇಷ್ಟಕ್ಕೇ ಎಲ್ಲರೂ ಚಹಾಕ್ಕೆ ಹೋಗಿದ್ದರೆ ಕತೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಡಾಕ್ಟರು ಸೊಂಟದ ಮಟ್ಟದ ಗೆರೆಯನ್ನು ಬೆರಳಿನಿಂದ ಒರೆಸಿ ನೋಡಿದರು. ಬೆರಳು ಕೆಂಪಾಯಿತು.

"ಮೊದಲಿಂದಲೂ ಇರೋ ಗೆರೆ ಇನ್ನೂ ಒಣಗಿಲ್ಲ" ಎಂದರು ಮ್ಯಾನೇಜರರ ಮುಖವನ್ನೇ ನೋಡುತ್ತ. ಮ್ಯಾನೇಜರು ಆಕಾಶ ನೋಡಿದರು. "ಇದನ್ನ ಇಳಿಸಿದವರು ಯಾರು? ಸುಮ್ನೆ ಒಪ್ಕೊಂಡ್ರೆ ನಾನೇನೂ ಬರೆಯಲ್ಲ. ಕೈ ಎತ್ತಿ."

ನಾಲ್ವರೂ ಪ್ರಾಮಾಣಿಕರೇ. ನಾಲ್ವರೂ ಬಲಗೈ ಎತ್ತಿದರು.

ಎತ್ತಿದರು ಎಂದರೆ, ಎತ್ತಲು ಹೊರಟರು. ಹನ್ನೊಂದು ವರ್ಷ ಮೇಲಿನ ಸರಳಿಗೆ ಜೋತುಬಿದ್ದ ಕಂಡಕ್ಟರನ ಕೈ ಕಿವಿಯ ಹತ್ತಿರ ಬಂದು ಸಿಕ್ಕಿಕೊಂಡಿತು. ಅಕ್ಕ ಎಡಗೈಯಿಂದ ಬಲಮೊಣಕೈಯನ್ನು ಎತ್ತಿ ಹಿಡಿಯಬೇಕಾಯಿತು. ಮೆಕ್ಯಾನಿಕ್‌ನ ಕೈ ಎದೆಯ ಮಟ್ಟದಲ್ಲೇ ನಿಂತು ಟಕ್ ಎಂದಿತು. ಈ ಸಲ ಎಲ್ಲರಿಗೂ ಕೇಳಿಸಿತು. ಬದಲಿ ಚಾಲಕ ಕೈ ಎತ್ತುವ ಬದಲು ತಲೆಯನ್ನೇ ಕೈಯ ಕಡೆಗೆ ಬಗ್ಗಿಸಿದ.

ಡಾಕ್ಟರಿಗೆ ಗೆರೆ ಮರೆತುಹೋಯಿತು.

"ನಿಮಗೆಷ್ಟು ದಿನದಿಂದ ಹೀಗೆ? ಸಿಗರೇಟು ಸೇದ್ತೀರಾ? ಸಕ್ಕರೆ ಪರೀಕ್ಷೆ ಮಾಡ್ಸಿದ್ದು ಯಾವಾಗ? ಯಾವ ಮಗ್ಗುಲಿಗೆ ಮಲಗ್ತೀರಿ?" ಎನ್ನುತ್ತ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಗೋಡೆಗೆ ನಿಲ್ಲಿಸಿದರು. ಬೆಳಿಗ್ಗೆಯಿಂದ ಇಪ್ಪತ್ತೊಂದಣ್ಣನ ಮೇಲೆ ಸುರಿದ ಪ್ರಶ್ನೆಗಳೆಲ್ಲ ಈಗ ಸುರಿದವರ ಮೇಲೇ ಬಿದ್ದವು. ಕಂಡಕ್ಟರನಿಗೆ ಐವತ್ತೈದು. ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆಯಂತೆ, ಮಾತ್ರೆ ನುಂಗಲು ಪುರುಸೊತ್ತಿಲ್ಲವಂತೆ. ಉಳಿದ ಚಾಲಕರನ್ನೂ ಕರೆದರು. ಕೊನೆಗೆ ಮ್ಯಾನೇಜರನ್ನೂ. ಅವರ ಕೈ ಶರ್ಟಿನ ಜೇಬಿನಿಂದ ಮೇಲಕ್ಕೆ ಹೋಗಲಿಲ್ಲ.

"ಈ ಡಿಪೋದಲ್ಲಿ ಸರಿಯಾದ ಭುಜ ಇರೋದು ಒಂದೇ" ಎಂದು ಡಾಕ್ಟರು ತೀರ್ಪು ಕೊಟ್ಟರು. "ಹೀಗೇ ಬಿಟ್ರೆ ಎರಡು ವರ್ಷದಲ್ಲಿ ನಿಮ್ಮಲ್ಲಿ ಅರ್ಧ ಜನ ಆಪರೇಷನ್ ಟೇಬಲ್ ಮೇಲೆ ಇರ್ತೀರಿ. ನಾಳೆಯಿಂದ ಎಲ್ರಿಗೂ ದಿನಾ ವ್ಯಾಯಾಮ. ಮೂರು ಪಾಳಿಗೂ. ಮ್ಯಾನೇಜರೇ, ಇದನ್ನ ಮಾಡ್ಸೋಕೆ ಇಡೀ ದಿನ ಇಲ್ಲೇ ಇರೋ ಒಬ್ಬರು ಬೇಕು. ಹಗ್ಗ ಹೇಗೆ ಕಟ್ಟಬೇಕು, ಎಷ್ಟು ಸಲ, ಎಲ್ಲಿ ನಿಲ್ಲಿಸ್ಬೇಕು ಅಂತ ಅನುಭವದಿಂದ ಗೊತ್ತಿರೋರು."

ಎಲ್ಲರ ಕಣ್ಣೂ ಒಂದೇ ಕಡೆ ಹೊರಳಿದವು. ಇಪ್ಪತ್ತೊಂದಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಹಿಂದೆ ಗೋಡೆ ಇತ್ತು.

"ಮೇಡಂ, ನಾನು ಬಸ್ಸು..."

"ಬಸ್ಸನ್ನ ಯಾರಾದ್ರೂ ಓಡಿಸ್ತಾರೆ. ಇದನ್ನ ನೀವೊಬ್ಬರೇ ಮಾಡೋಕಾಗೋದು."

"ಯಾರಾದ್ರೂ ಅಂದ್ರೆ ನಾನಾ?" ಎಂದು ಬದಲಿ ಚಾಲಕ ಗೋಡೆಗೆ ಒರಗಿದ.

ಮ್ಯಾನೇಜರರಿಗೆ ಮಾತ್ರ ಪ್ರಾಣ ಬಂದಂತಾಯಿತು. ಡಾಕ್ಟರ ಬೆರಳ ಮೇಲಿನ ಕೆಂಪು ಬಣ್ಣ ಮರೆಯಾಗಬೇಕಾದರೆ ಡಾಕ್ಟರು ಹೇಳಿದ್ದು ಕೂಡಲೇ ನಡೆಯಬೇಕು. ಗೋಡೆಗೇ ಕಾಗದ ಹಚ್ಚಿ ಆದೇಶ ಬರೆದರು: ಮರೆತ ಸಾಮಾನುಗಳ ಕೋಣೆಯನ್ನು ಈ ಕ್ಷಣದಿಂದ ವ್ಯಾಯಾಮದ ಕೋಣೆಯಾಗಿ ಮಾಡಲಾಗಿದೆ, ಸದರಿ ಚಾಲಕರನ್ನು, ಸಿಬ್ಬಂದಿಯ ಭುಜಗಳೆಲ್ಲ ಸರಿಯಾಗುವ ತನಕ, ಅಲ್ಲಿಯೇ ನೇಮಿಸಲಾಗಿದೆ. ಈಗಷ್ಟೇ ಇಸಿದುಕೊಂಡ ಬೀಗದ ಕೈಯನ್ನು ಮತ್ತೆ ಅವನ ಅಂಗೈಗೆ ಇಟ್ಟು ಮುಚ್ಚಿದರು.

"ತನಕ ಅಂದ್ರೆ ಎಷ್ಟು ದಿನ ಸಾರ್?" ಎಂದು ಇಪ್ಪತ್ತೊಂದಣ್ಣ ಕ್ಷೀಣ ದನಿಯಲ್ಲಿ ಕೇಳಿದ.

"ಹಾಗೆ ಹೇಳೋಕಾಗಲ್ಲ" ಎಂದರು ಡಾಕ್ಟರು. "ವಯಸ್ಸು, ಸಿಗರೇಟು, ಸಕ್ಕರೆ, ದಿನಾ ತಪ್ಪದೆ ಮಾಡ್ತಾರೋ ಇಲ್ವೋ, ಎಲ್ಲಾ ನೋಡ್ಬೇಕು. ಇವರಲ್ಲಿ ಕೆಲವರಿಗೆ ವರ್ಷಗಳೇ ಆಗಬಹುದು."

ಮ್ಯಾನೇಜರು ನಿಯಮ ಬಿಡುವವರಲ್ಲ. ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಕೇಳಿದರು: "ಈ ಆದೇಶಕ್ಕೆ ಆಕ್ಷೇಪಣೆ ಇದ್ದವರು ಕೈ ಎತ್ತಬಹುದು."

ಆಕ್ಷೇಪಣೆ ಬಹಳ ಜನರಿಗಿತ್ತು. ಬದಲಿ ಚಾಲಕ ಹೆಣಗಿದ. ಕಂಡಕ್ಟರ್ ಹಲ್ಲು ಕಚ್ಚಿ ಕಿವಿಯವರೆಗೆ ತಂದು ಕೈಬಿಟ್ಟ. ಇಡೀ ಡಿಪೋದಲ್ಲಿ ಮೇಲೆದ್ದದ್ದು ಒಂದೇ ಕೈ. ಸರ್ರನೆ, ನೆಟ್ಟಗೆ, ಮೊಣಕೈ ಬಗ್ಗದೆ, ಏಳಡಿಯನ್ನೂ ದಾಟಿ ಎದ್ದಿತ್ತು ಅದು.

"ಒಂದು ಆಕ್ಷೇಪಣೆ. ಬರ್ಕೊಳ್ಳಿ ಮ್ಯಾನೇಜರೇ" ಎಂದು ಡಾಕ್ಟರು ಇಪ್ಪತ್ತೊಂದಣ್ಣನ ಪಕ್ಕಕ್ಕೆ ಬಂದು ನಿಂತರು. ಆಮೇಲೆ ಉಳಿದವರ ಕಡೆ ತಿರುಗಿ, ಅವನ ಎತ್ತಿದ ತೋಳನ್ನು ಪಟ್ಟಿಯಿಂದ ಮೆಲ್ಲಗೆ ತಟ್ಟಿ ತೋರಿಸಿದರು. "ಎಲ್ರೂ ಹತ್ರ ಬನ್ನಿ, ಸರಿಯಾಗಿ ನೋಡ್ಕೊಳ್ಳಿ. ನಾಳೆಯಿಂದ ಇವರು ನಿಮಗೆ ಕಲಿಸಬೇಕಾಗಿರೋದು ಇದನ್ನೇ. ನೀವು ಕೈ ಇಳಿಸ್ಬೇಡಿ, ಹಿಂದಿನ ಸಾಲಿನವರಿಗೆ ಇನ್ನೂ ಕಾಣಿಸಿಲ್ಲ."